ಓದುಗರ ಪ್ರಶ್ನೆ: ವಿಲ್ಯಾನ್ ಮಾಡಿಸಿದ್ದಾಯ್ತು, ದನಿ ಮಾತ್ರ ಇನ್ನೂ ಕಟ್ ಕಟ್

ಈ ಸಲದ ಪತ್ರಗಳು ಹೆಚ್ಚಿನವು ದಾವಣಗೆರೆ, ಚಿತ್ರದುರ್ಗದ ಕಡೆಯವು. ಎಲ್ಲರದೂ ಆಫೀಸ್ ಫೋನಿನ ಗೋಳು. ಹೊಸಬರಿಗೆ ಒಂದು ಮಾತು ಹೇಳಿ ಶುರು ಮಾಡುತ್ತೇನೆ. ಹಳೆಯ ಫೋನ್ ಸೆಟ್ಟು, ಇಪಿಎಬಿಎಕ್ಸ್ (ಆಫೀಸಿನ ಒಳಗಿನ ಸಣ್ಣ ಎಕ್ಸ್‌ಚೇಂಜ್) ಅಥವಾ ಎಕ್ಸ್‌ಚೇಂಜ್ ಲೈನನ್ನು ಇಂಟರ್ನೆಟ್ ಮೂಲಕ ಬರುವ ಫೋನ್ ಸೇವೆಗೆ ಜೋಡಿಸುವ ಡಬ್ಬಿಯೇ ವಾಯ್ಸ್ ಗೇಟ್‌ವೇ. ಮಾತನ್ನು ಪ್ಯಾಕೆಟ್ (ಡೇಟಾದ ಸಣ್ಣ ಕಟ್ಟು) ಮಾಡಿ ಕಳಿಸುತ್ತದೆ, ಬಂದ ಪ್ಯಾಕೆಟ್ಟನ್ನು ಮತ್ತೆ ಮಾತು ಮಾಡುತ್ತದೆ. ಅಷ್ಟೇ ಅದರ ಕೆಲಸ. ಇನ್ನು ವಿಲ್ಯಾನ್ ಅಂದರೆ, ಒಂದೇ ಸ್ವಿಚ್ಚು, ವೈರಿನ ಮೇಲೆ ಫೋನಿಗೆ, ಕಂಪ್ಯೂಟರ್‌ಗೆ ಬೇರೆ ಬೇರೆ ನೆಟ್‌ವರ್ಕ್ ಇದ್ದ ಹಾಗೆ ಭಾಗ ಮಾಡುವುದು.

ಪ್ರಶ್ನೆ: ನಮ್ಮದು ಎಪಿಎಂಸಿ ಯಾರ್ಡಿನಲ್ಲಿ ದಲ್ಲಾಳಿ ಮಂಡಿ. ಎಂಟು ಫೋನಿನ ಗೇಟ್‌ವೇ ಇದೆ. ಗೋದಾಮಿಗೆ ಆರು ಕ್ಯಾಮೆರಾ ಹಾಕಿಸಿ ರೆಕಾರ್ಡಿಂಗ್ ಕ್ಲೌಡ್‌ಗೆ ಹೋಗುವ ಹಾಗೆ ಮಾಡಿದ ಮೇಲೆ ಫೋನ್ ಕೆಟ್ಟಿತು. ಅವರ ಮಾತು ನಮಗೆ ಚೆನ್ನಾಗಿ ಕೇಳುತ್ತದೆ, ನಮ್ಮ ಮಾತು ಅವರಿಗೆ ತುಂಡು ತುಂಡು. ನೆಟ್‌ವರ್ಕ್ ಹುಡುಗನನ್ನು ಕರೆಸಿ ಫೋನಿಗೆ ಬೇರೆ ವಿಲ್ಯಾನ್ ಮಾಡಿಸಿದೆವು. ದುಡ್ಡು ಹೋಯ್ತು, ದನಿ ಸರಿಹೋಗಲಿಲ್ಲ. ಲೈನ್ ಬದಲಿಸಬೇಕಾ? ಈಗಿನದು ಅಪ್‌ಲೋಡ್ 10 ಎಂಬಿಪಿಎಸ್.
(ಮಂಡಿ ಗುಮಾಸ್ತರು, ದಾವಣಗೆರೆ)

ಉತ್ತರ: ಲೈನ್ ಬದಲಿಸುವುದು ಆಮೇಲೆ. ನಿಮ್ಮ ಪತ್ರದಲ್ಲೇ ಸುಳಿವು ಇದೆ. ಅವರ ಮಾತು ನಿಮಗೆ ಸರಿಯಾಗಿ ಕೇಳುತ್ತಿದೆ ಅಂದರೆ ಡೌನ್‌ಲೋಡ್ ದಾರಿ ಖಾಲಿ ಇದೆ. ನಿಮ್ಮದು ಒಡೆಯುತ್ತಿದೆ ಅಂದರೆ ಅಪ್‌ಲೋಡ್ ದಾರಿಯಲ್ಲಿ ಜನಜಂಗುಳಿ. ಒಂದೊಂದು ಕ್ಯಾಮೆರಾ 2 ಎಂಬಿಪಿಎಸ್ ಕಳಿಸಿದರೂ ಆರಕ್ಕೆ 12 ಆಯ್ತು, ಲೈನ್ ಇರುವುದೇ 10. ಲೆಕ್ಕ ಅಲ್ಲಿಗೇ ಮುಗಿಯಿತು ಅಲ್ವಾ?

ವಿಲ್ಯಾನ್ ಮಾಡಿಸಿದ್ದು ದಂಡ ಅಂತ ನಾನು ಹೇಳುತ್ತಿಲ್ಲ. ಆದರೆ ಬೇರ್ಪಡಿಸುವುದು ಬೇರೆ ಕೆಲಸ, ಮುಂದೆ ಬಿಡುವುದು ಬೇರೆ ಕೆಲಸ. ಜನ ಮೊದಲನೆಯದನ್ನು ಮಾಡಿಸಿ ಎರಡನೆಯದೂ ಆಯಿತು ಅಂದುಕೊಳ್ಳುತ್ತಾರೆ, ಮಾಡುವವರೂ ಹಾಗೇ ಹೇಳಿ ಬಿಲ್ ಕೊಡುತ್ತಾರೆ. ನಿಮ್ಮ ಯಾರ್ಡನ್ನೇ ನೋಡಿ. ಒಳಗೆ ಮೆಕ್ಕೆಜೋಳದ ಲಾರಿಗೊಂದು ಸಾಲು, ಹತ್ತಿಗೊಂದು ಸಾಲು ಮಾಡಬಹುದು, ಆದರೆ ಎಲ್ಲರೂ ಹೋಗಿ ನಿಲ್ಲುವ ವೇಬ್ರಿಡ್ಜ್ ಒಂದೇ ಆದರೆ ಒಳಗಿನ ಸಾಲುಗಳಿಂದ ಏನು ಬಂತು? ಯಾರನ್ನು ಮೊದಲು ತೂಕಕ್ಕೆ ಬಿಡಬೇಕು ಅಂತ ಅಲ್ಲಿ ಒಬ್ಬ ಹೇಳಬೇಕು. ನಿಮ್ಮಲ್ಲಿ ಆ ಜಾಗ ರೂಟರ್. ಅಲ್ಲಿ ಯಾರೂ ಏನೂ ಹೇಳಿಲ್ಲ.

ಮಾತಿಗೆ ಜಾಸ್ತಿ ಜಾಗವೇನೂ ಬೇಡ. ಜಿ.711 ಕೋಡೆಕ್‌ನಲ್ಲಿ (ದನಿಯನ್ನು ಡೇಟಾ ಮಾಡುವ ಒಂದು ವಿಧಾನ) ಒಂದು ಕರೆಗೆ ದನಿ 64 ಕೆಬಿಪಿಎಸ್, ಪ್ಯಾಕೆಟ್ ಮೇಲೆ ಅಂಟಿಸುವ ವಿಳಾಸದ ಚೀಟಿ, ಅಂದರೆ ಹೆಡರ್‌ಗಳೆಲ್ಲ ಸೇರಿ ಈಥರ್ನೆಟ್ ಮೇಲೆ ಸುಮಾರು 87. ಎಂಟು ಫೋನೂ ಒಟ್ಟಿಗೆ ಮಾತಾಡಿದರೆ ಸುಮಾರು 700 ಕೆಬಿಪಿಎಸ್. ನಿಮ್ಮ 10 ಎಂಬಿಪಿಎಸ್‌ನಲ್ಲಿ ಹತ್ತನೇ ಒಂದು ಭಾಗವೂ ಇಲ್ಲ. ಮಾತಿಗೆ ಬೇಕಿರುವುದು ಹೊತ್ತಿಗೆ ಸರಿಯಾಗಿ ತಲುಪುವುದು. ಗೇಟ್‌ವೇ 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್ ಕಳಿಸುತ್ತದೆ. ಕ್ಯಾಮೆರಾದ ಪ್ಯಾಕೆಟ್ ಅರ್ಧ ಸೆಕೆಂಡ್ ತಡವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾತಿನ ಪ್ಯಾಕೆಟ್ ತಡವಾದರೆ ಅದು ಬಂದೂ ಬರದ ಹಾಗೆ, ಆಚೆ ಕಡೆಯ ಯಂತ್ರ ಅದನ್ನು ಎಸೆದುಬಿಡುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡ್ ಒಳಗೆ ಮಾತು ತಲುಪಿದರೆ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ ಅನ್ನುವುದು ಅಂತಾರಾಷ್ಟ್ರೀಯ ದೂರಸಂಪರ್ಕ ಸಂಸ್ಥೆಯಾದ ಐಟಿಯುನ ಜಿ.114 ಶಿಫಾರಸು.

ಈಗ ನಿಮ್ಮ ಮೋಡೆಮ್ ಏನು ಮಾಡುತ್ತದೆ ನೋಡಿ. ಲೈನ್ ತುಂಬಿದಾಗ ಅದು ಪ್ಯಾಕೆಟ್‌ಗಳನ್ನು ಬಫರ್ ಅನ್ನುವ ಕಾಯುವ ಜಾಗದಲ್ಲಿ ಸಾಲು ನಿಲ್ಲಿಸುತ್ತದೆ. 1 ಮೆಗಾಬೈಟ್ (ಅಂದರೆ 8 ಮೆಗಾಬಿಟ್) ಬಫರ್ ಇದ್ದು ಅದು ತುಂಬಿದ್ದರೆ, 10 ಎಂಬಿಪಿಎಸ್ ಲೈನಿನಲ್ಲಿ ಖಾಲಿಯಾಗಲು ಸುಮಾರು 0.8 ಸೆಕೆಂಡ್ ಬೇಕು. ನಿಮ್ಮ ಮಾತು ಆ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. ಬಫರ್ ಉಕ್ಕಿದಾಗ ಹೊಸದಾಗಿ ಬಂದದ್ದನ್ನೆಲ್ಲ ಚೆಲ್ಲುತ್ತದೆ, ಅದು ಮಾತೋ ಕ್ಯಾಮೆರಾವೋ ಅಂತ ನೋಡುವುದಿಲ್ಲ.

ಹಾಗಾಗಿ ಮೊದಲ ಕೆಲಸ: ಸಾಲು ಮೋಡೆಮ್‌ನಲ್ಲಿ ನಿಲ್ಲಬಾರದು, ನಿಮ್ಮ ರೂಟರ್‌ನಲ್ಲಿ ನಿಲ್ಲಬೇಕು. ಅಲ್ಲಿ ನಿಂತರೆ ತಾನೇ ನಿಮ್ಮ ಹಿಡಿತ ನಡೆಯುವುದು? ಅದಕ್ಕೆ ರೂಟರ್‌ನಲ್ಲಿ ಅಪ್‌ಲೋಡ್ ವೇಗವನ್ನು ಲೈನಿಗಿಂತ ಸ್ವಲ್ಪ ಕಡಿಮೆ, ನಿಮ್ಮಲ್ಲಿ 9 ಎಂಬಿಪಿಎಸ್, ಅಂತ ಕಟ್ಟಿಹಾಕಿ. ಇದಕ್ಕೆ ಶೇಪಿಂಗ್ ಅನ್ನುತ್ತಾರೆ. ಕೊಟ್ಟ ದುಡ್ಡಿನ 1 ಎಂಬಿಪಿಎಸ್ ಬಿಟ್ಟುಕೊಡುವುದು ಯಾಕೆ ಅಂತ ಯಜಮಾನರು ಕೇಳೇ ಕೇಳುತ್ತಾರೆ. ಈ ಬಿಟ್ಟುಕೊಟ್ಟದ್ದರಿಂದಲೇ ಉಳಿದದ್ದೆಲ್ಲ ಕೆಲಸ ಮಾಡುವುದು ಅಂತ ಹೇಳಿ. ಶೇಪಿಂಗ್ ಇಲ್ಲದೆ ಹಾಕಿದ ಆದ್ಯತೆ ಬರೀ ಕಾಗದದ ಮೇಲಿನದು, ಯಾಕೆಂದರೆ ರೂಟರ್‌ಗೆ ಲೈನ್ ತುಂಬಿದೆ ಅಂತ ಗೊತ್ತೇ ಆಗುವುದಿಲ್ಲ.

ಎರಡನೆಯದು, ಆ 9ರ ಒಳಗೆ ಮಾತಿಗೆ ಪ್ರಯಾರಿಟಿ ಕ್ಯೂ, ಅಂದರೆ ಆದ್ಯತೆಯ ಸಾಲು. ಅದರಲ್ಲಿ ಏನಾದರೂ ಇದ್ದರೆ ಮೊದಲು ಅದು ಹೋಗಬೇಕು, ಆಮೇಲೆ ಬಿಲ್ಲಿಂಗ್, ಕೊನೆಗೆ ಕ್ಯಾಮೆರಾ. ಆದರೆ ಈ ಕ್ಯೂಗೂ ಒಂದು ಮಿತಿ ಇರಲಿ, 1 ಎಂಬಿಪಿಎಸ್ ಸಾಕು. ಮಿತಿ ಇಲ್ಲದಿದ್ದರೆ ನಾಳೆ ಯಾವುದೋ ಯಂತ್ರ ತಪ್ಪು ಗುರುತು ಹಾಕಿಕೊಂಡು ಆ ಸಾಲಿಗೆ ನುಗ್ಗಿ ಉಳಿದವರನ್ನೆಲ್ಲ ಉಪವಾಸ ಕೆಡವುತ್ತದೆ. ಪ್ರಯಾರಿಟಿ ಕ್ಯೂ ಲೈನಿನ ಮೂರನೇ ಒಂದು ಭಾಗ ಮೀರಬಾರದು ಅನ್ನುವುದು ಈ ಕೆಲಸದವರಲ್ಲಿ ಹಳೆಯ ರೂಢಿ. ಎಷ್ಟು ಕರೆಗೆ ಜಾಗ ಇದೆಯೋ ಅಷ್ಟೇ ಕರೆ ಅಂತ ಗೇಟ್‌ವೇಯಲ್ಲೂ ಮಿತಿ ಹಾಕಬಹುದು. ಹನ್ನೆರಡು ಕರೆಯ ಜಾಗಕ್ಕೆ ಹದಿಮೂರನೆಯದನ್ನು ಬಿಟ್ಟರೆ ಕೆಡುವುದು ಹದಿಮೂರನೆಯದೊಂದೇ ಅಂದುಕೊಳ್ಳಬೇಡಿ, ಹದಿಮೂರೂ ಕೆಡುತ್ತವೆ.

ಮೂರನೆಯದು ವಿಲ್ಯಾನ್. ಅದನ್ನು ಕೀಳಿಸಬೇಡಿ. ಕಂಪ್ಯೂಟರ್‌ಗೆ ಒಂದು, ಫೋನಿಗೆ ಒಂದು, ಕ್ಯಾಮೆರಾಕ್ಕೆ ಒಂದು ಇರಲಿ. ಕ್ಯಾಮೆರಾ ಕೆಟ್ಟು ಬ್ರಾಡ್‌ಕಾಸ್ಟ್ (ಎಲ್ಲರಿಗೂ ಹೋಗುವ ಪ್ಯಾಕೆಟ್) ಸುರಿಮಳೆ ಮಾಡಿದರೂ ಅದು ಫೋನಿನ ಕಡೆಗೆ ಬರುವುದಿಲ್ಲ. ವಿಲ್ಯಾನ್‌ಗಳ ನಡುವಿನ ದಾರಿಯನ್ನು ರೂಟರ್‌ನಲ್ಲಿ ತಡೆದಿದ್ದರೆ, ಯಾವುದೋ ಕಂಪ್ಯೂಟರ್‌ಗೆ ಹತ್ತಿದ ವೈರಸ್ ಗೇಟ್‌ವೇಯ ಪಾಸ್‌ವರ್ಡ್ ಹುಡುಕುತ್ತಾ ಕೂರುವುದಿಲ್ಲ. ಜೊತೆಗೆ ರೂಟರ್‌ಗೆ ಗುರುತಿಸುವುದು ಸುಲಭ: ಫೋನಿನ ವಿಲ್ಯಾನ್‌ನಿಂದ ಬಂದದ್ದು ಮಾತು, ಮುಂದೆ ಬಿಡು ಅಂತ ಒಂದೇ ಸಾಲಿನ ನಿಯಮ ಬರೆದರೆ ಆಯ್ತು.

ಇನ್ನು, ಗೇಟ್‌ವೇಯಲ್ಲಿ ಜಿಟರ್ ಬಫರ್ ಹೆಚ್ಚಿಸಿ ನೋಡಿ ಅಂತ ಯಾರಾದರೂ ಹೇಳಿಯಾರು. ಜಿಟರ್ ಅಂದರೆ ಪ್ಯಾಕೆಟ್‌ಗಳು ಹಿಂದೆಮುಂದೆ ಹೊತ್ತಿಗೆ ಬರುವ ಏರುಪೇರು, ಅದನ್ನು ಸಮ ಮಾಡಲು ಬಂದ ಮಾತನ್ನು ಸ್ವಲ್ಪ ತಡೆದಿಡುವ ಜಾಗವೇ ಜಿಟರ್ ಬಫರ್. ನಿಮ್ಮ ಜಿಟರ್ ಬಫರ್ ಸರಿ ಮಾಡುವುದು ನಿಮಗೆ ಬರುವ ಮಾತನ್ನು, ಅದು ಈಗಲೇ ಚೆನ್ನಾಗಿದೆ. ಮುಟ್ಟಬೇಡಿ.

ನನ್ನನ್ನು ಕೇಳಿದರೆ ಆರು ಕ್ಯಾಮೆರಾವನ್ನು ಹಗಲೂ ರಾತ್ರಿ ಕ್ಲೌಡ್‌ಗೆ ಸುರಿಯುವುದೇ ಅತಿಯಾಯಿತು. ರೆಕಾರ್ಡಿಂಗ್ ಡಬ್ಬಿಯನ್ನು ಗೋದಾಮಿನಲ್ಲೇ ಇಟ್ಟು, ಏನಾದರೂ ಅಲುಗಾಡಿದಾಗ ಮಾತ್ರ ಮೇಲೆ ಕಳಿಸುವ ಹಾಗೆ ಮಾಡಿದರೆ ಅರ್ಧ ರೋಗ ಅಲ್ಲೇ ವಾಸಿ. ಗೋದಾಮಿನಲ್ಲಿ ಇಲಿ ಓಡಾಡಿದ್ದನ್ನೆಲ್ಲ ಮೋಡದ ಮೇಲೆ ಇಡಬೇಕಾ?

ಪ್ರಶ್ನೆ: ನಮ್ಮ ನರ್ಸಿಂಗ್ ಹೋಮಿನ ಗೇಟ್‌ವೇ ಸೆಟ್ಟಿಂಗ್ ಪುಟದಲ್ಲಿ ಲೇಯರ್ 2 ಕ್ಯೂಒಎಸ್, ಲೇಯರ್ 3 ಕ್ಯೂಒಎಸ್ ಅಂತ ಖಾನೆಗಳಿವೆ. ಸಿಪ್‌ಗೆ ಬೇರೆ, ಆರ್‌ಟಿಪಿಗೆ ಬೇರೆ. ಯಾವ ಅಂಕಿ ತುಂಬಬೇಕು? ಎಲ್ಲದಕ್ಕೂ ಅತಿ ದೊಡ್ಡದನ್ನೇ ಹಾಕಿದರೆ ಆಗದಾ? ತುರ್ತು ಕರೆ ಬರುವ ಜಾಗ ನಮ್ಮದು.
(ಆಡಳಿತಾಧಿಕಾರಿ, ಚಿತ್ರದುರ್ಗ)

ಉತ್ತರ: ಕ್ಯೂಒಎಸ್ ಅಂದರೆ ಯಾವ ಪ್ಯಾಕೆಟ್ಟನ್ನು ಮುಂದೆ ಬಿಡಬೇಕು ಅನ್ನುವ ಏರ್ಪಾಡು. ಲೇಯರ್ 2 ಅಂದರೆ ಸ್ವಿಚ್ ಮಟ್ಟದ ಗುರುತು, ಲೇಯರ್ 3 ಅಂದರೆ ಐಪಿ ಮಟ್ಟದ್ದು. ಎಲ್ಲದಕ್ಕೂ ದೊಡ್ಡದು ಹಾಕಿದರೆ ಎಲ್ಲವೂ ಒಂದೇ ಸಾಲಿಗೆ ಬಂದು ನಿಲ್ಲುತ್ತವೆ, ಮೊದಲಿನ ಹಾಗೇ. ಆರ್‌ಟಿಪಿ ಅಂದರೆ ಮಾತು. ಅದಕ್ಕೆ ಲೇಯರ್ 3ರಲ್ಲಿ ಡಿಎಸ್‌ಸಿಪಿ ಅನ್ನುವ ಆದ್ಯತೆಯ ಗುರುತು 46. ಇದರ ಹೆಸರು ಇಎಫ್, 2002ರ ಆರ್‌ಎಫ್‌ಸಿ (ಇಂಟರ್ನೆಟ್ ನಿಯಮಗಳ ದಾಖಲೆ) 3246ರಲ್ಲಿ ವಿವರ ಇದೆ. ಸಿಪ್ ಅಂದರೆ ಕರೆ ಹಚ್ಚುವ, ಇಳಿಸುವ ಸಂದೇಶ. ಅದಕ್ಕೆ 24 ಹಾಕಿ. ಹಳೆಯ ಕೆಲವು ಯಂತ್ರಗಳಲ್ಲಿ 26 ಇರುತ್ತದೆ, ಆರ್‌ಎಫ್‌ಸಿ 4594 ಹೇಳುವುದು 40. ಯಾವುದಾದರೂ ಸರಿ, ರೂಟರ್‌ನಲ್ಲೂ ಸ್ವಿಚ್‌ನಲ್ಲೂ ಅದೇ ಅಂಕಿಗೆ ನಿಯಮ ಬರೆದಿರಬೇಕು ಅಷ್ಟೇ. ಲೇಯರ್ 2ರಲ್ಲಿ 0ಯಿಂದ 7ರವರೆಗೆ ಎಂಟು ಮೆಟ್ಟಿಲು: ಮಾತಿಗೆ 5, ಸಿಪ್‌ಗೆ 3. ಕೆಲವರು ಮಾತಿಗೆ 6 ಕೊಡುತ್ತಾರೆ, ತಪ್ಪಿಲ್ಲ, ಆದರೆ 7 ಮಾತ್ರ ಬೇಡ, ಅದು ನೆಟ್‌ವರ್ಕ್ ತನ್ನನ್ನು ತಾನೇ ನೋಡಿಕೊಳ್ಳುವ ಸಂದೇಶಗಳಿಗೆ.

ಇಲ್ಲಿ ಒಂದು ಹೊಂಡ ಇದೆ. ಕೆಲವು ಪುಟಗಳಲ್ಲಿ ಡಿಎಸ್‌ಸಿಪಿ ಅನ್ನುವ ಬದಲು ಟಿಒಎಸ್ ಅಂತ ಬರೆದಿರುತ್ತದೆ. ಡಿಎಸ್‌ಸಿಪಿ ಆರು ಬಿಟ್ಟಿನದು, ಟಿಒಎಸ್ ಇಡೀ ಎಂಟು ಬಿಟ್ಟು. ಆ ಖಾನೆಗೆ 184 ತುಂಬಬೇಕು, ಅಂದರೆ 46ರ ನಾಲ್ಕು ಪಟ್ಟು. ಅಲ್ಲಿ ಸುಮ್ನೆ 46 ಹಾಕಿದರೆ ಡಿಎಸ್‌ಸಿಪಿ 11 ಆಗಿ ಹೊರಡುತ್ತದೆ, ಅದನ್ನು ಯಾವ ಸ್ವಿಚ್ಚೂ ಮೂಸಿ ನೋಡುವುದಿಲ್ಲ. ಪುಟದಲ್ಲಿ ಎಲ್ಲಾ ಸರಿ ಕಾಣುತ್ತಿರುತ್ತದೆ, ಅದೇ ಕಷ್ಟ.

ಇನ್ನೊಂದು: ಲೇಯರ್ 2 ಗುರುತು ಕೂರುವುದು 802.1ಕ್ಯೂ ಟ್ಯಾಗ್‌ನಲ್ಲಿ. ನಾಲ್ಕು ಬೈಟಿನ ಟ್ಯಾಗ್, ಅದರಲ್ಲಿ 12 ಬಿಟ್ ವಿಲ್ಯಾನ್ ಸಂಖ್ಯೆಗೆ, 3 ಬಿಟ್ ಆದ್ಯತೆಗೆ. ಗೇಟ್‌ವೇ ಟ್ಯಾಗ್ ಇಲ್ಲದೆ ಕಳಿಸುತ್ತಿದ್ದರೆ ನೀವು ತುಂಬಿದ 5 ಕೂರಲು ಜಾಗವೇ ಇಲ್ಲ. ಟ್ಯಾಗ್ ಹಾಕಿದರೆ ಸ್ವಿಚ್‌ನ ಆ ಪೋರ್ಟ್ ಕೂಡ ಟ್ಯಾಗ್ ಒಪ್ಪುವಂತೆ ಇರಬೇಕು, ಇಲ್ಲದಿದ್ದರೆ ಸೇವ್ ಒತ್ತಿದ ಕ್ಷಣವೇ ಗೇಟ್‌ವೇ ನೆಟ್‌ವರ್ಕ್‌ನಿಂದ ಮಾಯ, ರೀಸೆಟ್ ಮಾಡಲು ಪಿನ್ನು ಹುಡುಕಬೇಕು. ಓಪಿಡಿ ಹೊತ್ತಿನಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಟ್ಯಾಗ್ ನಿಮ್ಮ ಕಟ್ಟಡದ ಒಳಗಿನ ವ್ಯವಹಾರ, ರೂಟರ್ ದಾಟುವಾಗ ಬಿದ್ದುಹೋಗುತ್ತದೆ. ಡಿಎಸ್‌ಸಿಪಿ ಐಪಿ ಹೆಡರ್‌ನಲ್ಲೇ ಇರುವುದರಿಂದ ಮುಂದಕ್ಕೂ ಹೋಗುತ್ತದೆ. ಅದಕ್ಕೇ ಎರಡೂ ಖಾನೆ.

ಸ್ವಿಚ್‌ನಲ್ಲಿ ಟ್ರಸ್ಟ್ (ಬಂದ ಗುರುತನ್ನು ಹಾಗೇ ನಂಬು) ಅನ್ನುವ ಆಯ್ಕೆಯನ್ನು ಗೇಟ್‌ವೇ ಇರುವ ಪೋರ್ಟಿಗೆ ಮಾತ್ರ ಕೊಡಿ. ಕೆಲವು ಸ್ವಿಚ್‌ಗಳು ಕ್ಯೂಒಎಸ್ ಆನ್ ಮಾಡಿದ ಕೂಡಲೇ, ಟ್ರಸ್ಟ್ ಇಲ್ಲದ ಪೋರ್ಟಿನಿಂದ ಬಂದ ಗುರುತನ್ನೆಲ್ಲ ಅಳಿಸಿ 0 ಮಾಡುತ್ತವೆ. ಬೇರೆ ಪೋರ್ಟ್‌ಗಳಿಗೆ ಅದೇ ಬೇಕು, ಗೇಟ್‌ವೇಗೆ ಬೇಡ. ಕ್ಯೂಒಎಸ್ ಹಾಕಿದ ಮೇಲೆ ಮೊದಲಿಗಿಂತ ಕೆಟ್ಟಿತು ಅನ್ನುವವರಲ್ಲಿ ಎಷ್ಟೋ ಜನ ಇಲ್ಲೇ ಜಾರಿರುತ್ತಾರೆ.

ದೊಡ್ಡ ಗೇಟ್‌ವೇ ಆದರೆ ಮಾತು, ಸಿಗ್ನಲಿಂಗ್, ನಿರ್ವಹಣೆ ಮೂರಕ್ಕೂ ಬೇರೆ ಬೇರೆ ವಿಲ್ಯಾನ್, ಬೇರೆ ಐಪಿ ಕೊಡಬಹುದು. ಮೊದಲೆರಡು ಒಟ್ಟಿಗಿದ್ದರೂ ನಡೆಯುತ್ತದೆ. ಸೆಟ್ಟಿಂಗ್ ಪುಟ ಮಾತ್ರ ರೋಗಿಗಳ ವೈಫೈಯಿಂದ ತೆರೆಯುವಂತಿರಬಾರದು. ಹೊರಗಿನಿಂದ ಸಿಪ್ ಸಂದೇಶ ಬರುವ 5060 ಪೋರ್ಟನ್ನು ಸೇವೆ ಕೊಡುವವರ ಐಪಿಗೆ ಬಿಟ್ಟು ಬೇರೆ ಯಾರಿಗೂ ತೆರೆಯಬೇಡಿ. ತೆರೆದಿಟ್ಟರೆ ಯಾರೋ ನಿಮ್ಮ ಲೈನಿನಲ್ಲಿ ವಿದೇಶಕ್ಕೆ ಮಾತಾಡಿ ಬಿಲ್ ನಿಮಗೆ ಬರುತ್ತದೆ. ಮತ್ತೆ ತುರ್ತು ಕರೆ ಅಂದಿರಲ್ಲ, ಗೇಟ್‌ವೇ, ಸ್ವಿಚ್, ಮೋಡೆಮ್ ಮೂರೂ ಯುಪಿಎಸ್ ಮೇಲೆ ಇವೆಯಾ ಅಂತ ಇವತ್ತೇ ನೋಡಿ. ಕರೆಂಟ್ ಹೋದರೆ 46ಕ್ಕೂ 0ಗೂ ವ್ಯತ್ಯಾಸ ಇಲ್ಲ.

ಪ್ರಶ್ನೆ: ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ವಿಲ್ಯಾನ್ ಬೇರೆ ಮಾಡಿದ ದಿನದಿಂದ ಫೋನ್ ರಿಂಗ್ ಆಗುತ್ತದೆ, ಎತ್ತಿದರೆ ಒಂದು ಕಡೆ ಪೂರ್ತಿ ಮೌನ. ಕೆಲವು ಕರೆ ಅರ್ಧ ನಿಮಿಷಕ್ಕೆ ತಾನೇ ಕಟ್. ಆದ್ಯತೆ ಸಾಲದಾ?
(ಮಿಲ್ ಮ್ಯಾನೇಜರ್, ಚಳ್ಳಕೆರೆ)

ಉತ್ತರ: ಆದ್ಯತೆಗೂ ಇದಕ್ಕೂ ಸಂಬಂಧ ಇಲ್ಲ. ಆದ್ಯತೆ ಸಾಲದಿದ್ದರೆ ದನಿ ಒಡೆಯುತ್ತದೆ, ತಡವಾಗುತ್ತದೆ. ಪೂರ್ತಿ ಮೌನ ಅಂದರೆ ಪ್ಯಾಕೆಟ್ ಬೇರೆಲ್ಲೋ ಹೋಗುತ್ತಿದೆ, ಇಲ್ಲ ಬಾಗಿಲಲ್ಲಿ ತಡೆದಿದ್ದಾರೆ. ಎರಡು ವಿಲ್ಯಾನ್ ನಡುವೆ ಫೈರ್‌ವಾಲ್ ನಿಯಮ ಬರೆಯುವಾಗ 5060 ಮಾತ್ರ ಬಿಟ್ಟಿರುತ್ತಾರೆ. ರಿಂಗ್ ಆಗಲು ಅಷ್ಟು ಸಾಕು. ಮಾತು ಹೋಗುವುದು ಬೇರೆ ಪೋರ್ಟ್‌ಗಳಲ್ಲಿ, ಗೇಟ್‌ವೇ ಪುಟದಲ್ಲಿ ಆರ್‌ಟಿಪಿ ಪೋರ್ಟ್ ರೇಂಜ್ ಅಂತ ಇರುತ್ತದೆ, ಅಷ್ಟನ್ನೂ ಬಿಡಿಸಿ. ಅದೂ ಸರಿಯಿದ್ದರೆ ರೂಟರ್‌ನಲ್ಲಿ ಸಿಪ್ ಎಎಲ್‌ಜಿ ಅನ್ನುವುದನ್ನು ಆಫ್ ಮಾಡಿ ನೋಡಿ. ಸಹಾಯ ಮಾಡಲು ಹೋಗಿ ಸಿಪ್ ಸಂದೇಶದ ಒಳಗಿನ ವಿಳಾಸ ತಿದ್ದಿ ಕೆಡಿಸುವ ಚಾಳಿ ಅದಕ್ಕಿದೆ. ಅರ್ಧ ನಿಮಿಷದ ಕಟ್ ಬಗ್ಗೆ: ಗಡಿಯಾರ ಹಿಡಿದು ನೋಡಿ, 32 ಸೆಕೆಂಡ್ ಆಸುಪಾಸು ಇರಬೇಕು. ಕರೆ ಒಪ್ಪಿದೆ ಅನ್ನುವ ಸಂದೇಶಕ್ಕೆ ಉತ್ತರ ಬರದಿದ್ದರೆ ಸಿಪ್ ಅಷ್ಟು ಹೊತ್ತು ಕಾದು ಕೈಬಿಡುತ್ತದೆ. ಇದೂ ಅದೇ ವಿಳಾಸದ ಗೊಂದಲ.

ಪ್ರಶ್ನೆ: ಜಿ.729 ಕೋಡೆಕ್ ಹಾಕಿದರೆ ಒಂದು ಕರೆಗೆ 8 ಕೆಬಿಪಿಎಸ್ ಸಾಕಂತೆ. ಹಾಗಿದ್ದರೆ ಈ ಆದ್ಯತೆ, ಸಾಲು ಎಲ್ಲ ಯಾಕೆ ಬೇಕು?
(ಕಾಲೇಜು ಸಿಬ್ಬಂದಿ, ಹೊಸದುರ್ಗ)

ಉತ್ತರ: 8 ಅನ್ನುವುದು ಬರೀ ದನಿ. 20 ಮಿಲಿಸೆಕೆಂಡ್ ಮಾತು 20 ಬೈಟ್ ಆಗುತ್ತದೆ, ಅದನ್ನು ಹೊರುವ ಐಪಿ, ಯುಡಿಪಿ, ಆರ್‌ಟಿಪಿ ಹೆಡರ್ 40 ಬೈಟ್. ಸೇರಿ 24 ಕೆಬಿಪಿಎಸ್, ಈಥರ್ನೆಟ್ ಮೇಲೆ ಸುಮಾರು 31. ಜಿ.711ಕ್ಕೆ ಹೋಲಿಸಿದರೆ ಮೂರನೇ ಒಂದು ಭಾಗದಷ್ಟು, ಉಳಿತಾಯ ನಿಜ. ಆದರೆ ತುಂಬಿದ ಲೈನಿನಲ್ಲಿ ಸಣ್ಣ ಪ್ಯಾಕೆಟ್ಟೂ ದೊಡ್ಡದರ ಹಿಂದೆಯೇ ಕಾಯಬೇಕು. ಲೈನ್ ತೀರಾ ಸಣ್ಣದಾದರೆ ಹಾಕಿ, ಇಲ್ಲದಿದ್ದರೆ ಜಿ.711 ದನಿಯೇ ಚೆಂದ. ಫ್ಯಾಕ್ಸ್ ಮಿಷನ್ ಇದ್ದರೆ ಜಿ.729ರಲ್ಲಿ ಹೋಗುವುದಿಲ್ಲ, ಫ್ಯಾಕ್ಸ್‌ಗೆಂದೇ ಇರುವ ಟಿ.38 ವಿಧಾನ ಬೇಕಾಗುತ್ತದೆ.

ಪ್ರಶ್ನೆ: ಪ್ರಾಜೆಕ್ಟಿಗಾಗಿ ಗೇಟ್‌ವೇಯಿಂದ 46 ಗುರುತು ಹಾಕಿ ಕಳಿಸಿದೆವು. ಆಚೆ ಕಡೆ 0 ಆಗಿ ಬರುತ್ತಿದೆ. ನಮ್ಮ ಸೆಟ್ಟಿಂಗ್ ತಪ್ಪಾ?
(ಇಂಜಿನಿಯರಿಂಗ್ ವಿದ್ಯಾರ್ಥಿಗಳು, ದಾವಣಗೆರೆ)

ಉತ್ತರ: ಇರಲಾರದು. ಸಾಮಾನ್ಯ ಇಂಟರ್ನೆಟ್ ಲೈನಿನಲ್ಲಿ ಗುರುತಿಗೆ ಬೆಲೆ ಕೊಡಬೇಕೆಂಬ ಒಪ್ಪಂದ ಯಾರ ಜೊತೆಗೂ ಇಲ್ಲ. ಸೇವೆ ಕೊಡುವವರು ಅಳಿಸಬಹುದು, ಕಡೆಗಣಿಸಬಹುದು. ಎಂಪಿಎಲ್ಎಸ್ (ಸೇವೆ ಕೊಡುವವರ ಖಾಸಗಿ ಜಾಲ) ಅಥವಾ ಲೀಸ್ಡ್ ಲೈನ್ ತೆಗೆದುಕೊಂಡು ಒಪ್ಪಂದದಲ್ಲಿ ಬರೆಸಿಕೊಂಡರೆ ಮಾತು ಬೇರೆ. ಹಾಗಂತ ಗುರುತು ವ್ಯರ್ಥವಲ್ಲ, ಇಕ್ಕಟ್ಟು ಹೆಚ್ಚಾಗಿ ಇರುವುದು ನಿಮ್ಮದೇ ಅಪ್‌ಲೋಡ್‌ನಲ್ಲಿ, ಅಲ್ಲಿವರೆಗೆ ಅದು ನಿಮ್ಮ ಕೈಯಲ್ಲಿದೆ. ರೂಟರ್‌ಗೆ ಮುಂಚೆ ಒಂದು ಸಲ, ದಾಟಿದ ಮೇಲೆ ಒಂದು ಸಲ ಪೋರ್ಟ್ ಮಿರರ್ ಮಾಡಿ (ಒಂದು ಪೋರ್ಟಿನ ಪ್ಯಾಕೆಟ್‌ಗಳ ನಕಲನ್ನು ಇನ್ನೊಂದಕ್ಕೆ ಕಳಿಸಿ) ಪ್ಯಾಕೆಟ್ ನೋಡುವ ತಂತ್ರಾಂಶ ವೈರ್‌ಶಾರ್ಕ್‌ನಲ್ಲಿ ಹಿಡಿಯಿರಿ, ಯಾರು ಅಳಿಸಿದರು ಅಂತ ಗೊತ್ತಾಗುತ್ತದೆ. ಟೆಲಿಫೋನಿ ಮೆನುವಿನಲ್ಲಿ ಆರ್‌ಟಿಪಿ ಸ್ಟ್ರೀಮಿನ ಜಿಟರ್ ಮತ್ತು ನಷ್ಟದ ಲೆಕ್ಕವೂ ಸಿಗುತ್ತದೆ: ಜಿಟರ್ 30 ಮಿಲಿಸೆಕೆಂಡ್, ನಷ್ಟ ಶೇ 1ರ ಒಳಗಿದ್ದರೆ ಒಳ್ಳೆಯದು. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವಿಲ್ಯಾನ್ ಟ್ಯಾಗ್ ಕಾಣದಿದ್ದರೆ ಗಾಬರಿ ಬೇಡ, ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಎಷ್ಟೋ ಸಲ ಅದನ್ನು ಮೊದಲೇ ಕಿತ್ತು ಎಸೆದಿರುತ್ತದೆ. ಪ್ರಾಜೆಕ್ಟ್ ವರದಿಯಲ್ಲಿ ಬರೀ ಸೆಟ್ಟಿಂಗ್‌ನ ಚಿತ್ರ ಅಂಟಿಸಬೇಡಿ. ಲೈನ್ ತುಂಬಿಸಿ, ಶೇಪಿಂಗ್ ಇದ್ದಾಗ ಮತ್ತು ಇಲ್ಲದಾಗ ಜಿಟರ್ ಎಷ್ಟು ಅಂತ ಎರಡು ಗ್ರಾಫ್ ಹಾಕಿ.

ಪ್ರಶ್ನೆ: ವೈಫೈ ಫೋನಿಗೂ 46 ಹಾಕಿದ್ದೇವೆ, ಆದರೂ ಕೆಲವೊಮ್ಮೆ ಒಡೆಯುತ್ತದೆ.
(ಹೋಟೆಲ್ ಮಾಲೀಕರು, ಹೊಳಲ್ಕೆರೆ)

ಉತ್ತರ: ವೈಫೈಗೆ ತನ್ನದೇ ನಾಲ್ಕು ಸಾಲುಗಳಿವೆ, ಡಬ್ಲ್ಯುಎಂಎಂ ಅನ್ನುತ್ತಾರೆ. ತಮಾಷೆ ಏನೆಂದರೆ ಎಷ್ಟೋ ಆಕ್ಸೆಸ್ ಪಾಯಿಂಟ್‌ಗಳು ಡಿಎಸ್‌ಸಿಪಿಯ ಮೊದಲ ಮೂರು ಬಿಟ್ ಮಾತ್ರ ನೋಡುತ್ತವೆ. 46ಕ್ಕೆ ಅದು 5 ಆಗುತ್ತದೆ, ವೈಫೈ ಲೆಕ್ಕದಲ್ಲಿ 5 ವಿಡಿಯೋ ಸಾಲು. ಮಾತಿನ ಸಾಲು 6 ಮತ್ತು 7. 2018ರ ಆರ್‌ಎಫ್‌ಸಿ 8325 ಇದನ್ನು 6ಕ್ಕೆ ಸೇರಿಸಿ ಅನ್ನುತ್ತದೆ. ನಿಮ್ಮ ಆಕ್ಸೆಸ್ ಪಾಯಿಂಟಿನಲ್ಲಿ ಆ ಮ್ಯಾಪಿಂಗ್ ಬದಲಿಸಲು ಬಂದರೆ ಬದಲಿಸಿ. ಗಲ್ಲಾದ ಫೋನಿಗೆ ಮಾತ್ರ ವೈರ್ ಎಳೆಸಿಬಿಡಿ.

ಪ್ರಶ್ನೆ: ನಮ್ಮದು ಚಿಕ್ಕ ಸೀರೆ ಅಂಗಡಿ, ಎರಡು ಫೋನು, ಫೈಬರ್ ಲೈನು. ಇಷ್ಟೆಲ್ಲ ಬೇಕಾ?
(ಮೊಳಕಾಲ್ಮೂರು)

ಉತ್ತರ: ಬಹುಶಃ ಬೇಡ. ಒಂದು ಕಂಪ್ಯೂಟರ್‌ನಿಂದ ಹೊರಗಿನ ಯಾವುದಾದರೂ ವಿಳಾಸಕ್ಕೆ ಪಿಂಗ್ (ಪ್ಯಾಕೆಟ್ ಹೋಗಿ ಬರುವ ಹೊತ್ತು ಅಳೆಯುವ ಆಜ್ಞೆ) ಹಚ್ಚಿಡಿ. ಅದು ಓಡುತ್ತಿರುವಾಗಲೇ ಇನ್ನೊಂದರಿಂದ ಸೀರೆಯ ದೊಡ್ಡ ವಿಡಿಯೋ ಅಪ್‌ಲೋಡ್ ಮಾಡಿ. 20 ಮಿಲಿಸೆಕೆಂಡ್ ಇದ್ದ ಪಿಂಗ್ 30, 40 ಆದರೆ ನೆಮ್ಮದಿಯಾಗಿ ವ್ಯಾಪಾರ ಮಾಡಿ. 300, 400ಕ್ಕೆ ಜಿಗಿದರೆ ದಾವಣಗೆರೆ ಮಂಡಿಯವರಿಗೆ ಹೇಳಿದ ಮೊದಲ ಕೆಲಸ ಒಂದನ್ನೇ ಮಾಡಿಸಿ, ಅಪ್‌ಲೋಡ್ ಶೇಪಿಂಗ್. ಎರಡು ಫೋನಿಗೆ ವಿಲ್ಯಾನ್ ಸ್ವಿಚ್ ಕೊಳ್ಳಿ ಅಂತ ಯಾರಾದರೂ ಕೊಟೇಶನ್ ಕೊಟ್ಟರೆ, ಈ ಪಿಂಗ್ ಪರೀಕ್ಷೆಯನ್ನು ಅವರ ಎದುರಿಗೇ ಮಾಡಿಸಿ ಆಮೇಲೆ ಮಾತಾಡಿ.